ಒಂಬತ್ತನೇ ಕುಂಡದ ನೆಲಸಂಪಿಗೆ

ಮನುಷ್ಯರನ್ನೂ ಗಡ್ಡೆಯ ಹಾಗೆ ನಾಲ್ಕೈದು ತಿಂಗಳು ಮಲಗಿಸಿಟ್ಟು, ಕಾಲ ಬಂದಾಗ ಎಬ್ಬಿಸಬಹುದು ಎಂದು ಡಾಕ್ಟರ್ ತಬಸ್ಸುಮ್ ಮೊದಲ ಸಲ ಹೇಳಿದಾಗ ದೊಡ್ಡ ಆಸ್ಪತ್ರೆಗಳವರೆಲ್ಲ ನಕ್ಕುಬಿಟ್ಟರು. ನಗದೆ ಕೇಳಿದವನು ಅವರ ಪ್ರಯೋಗಶಾಲೆಯ ಮಾಲಿ ಅಣ್ಣಯ್ಯಪ್ಪ ಒಬ್ಬನೇ. ನಗುವಂಥದ್ದು ಅದರಲ್ಲಿ ಅವನಿಗೇನೂ ಕಾಣಲಿಲ್ಲ. ನೆಲಸಂಪಿಗೆ ವರ್ಷವರ್ಷವೂ ಮಾಡುವುದು ಅದನ್ನೇ ಅಲ್ಲವೆ? ಮಳೆಗಾಲವೆಲ್ಲ ಮರದ ನೆರಳಲ್ಲಿ ಅಗಲವಾದ ಎಲೆ ಬಿಟ್ಟುಕೊಂಡು, ಎಲೆಯ ಬೆನ್ನಿಗೆ ನೇರಳೆ ಬಣ್ಣ ಬಳಿದುಕೊಂಡು ಮೆರೆಯುತ್ತದೆ. ದೀಪಾವಳಿಯ ಹೊತ್ತಿಗೆ ಎಲೆ ಹಳದಿಯಾಗಿ ಮಲಗಿತೆಂದರೆ ಮೇಲೆ ಬರೀ ಮಣ್ಣು. ಅಲ್ಲೊಂದು ಗಿಡವಿತ್ತೆಂದರೆ ಯಾರೂ ನಂಬರು. ಯುಗಾದಿಯ ಬಿಸಿಲು ಏರಿದಾಗ, ಒಂದು ಹನಿ ಮಳೆ ಬೀಳುವ ಮೊದಲೇ, ಎಲೆಯೂ ಇಲ್ಲದೆ ಕಾಂಡವೂ ಇಲ್ಲದೆ ಒಣಮಣ್ಣನ್ನು ಸೀಳಿಕೊಂಡು ಬಿಳಿ ಮತ್ತು ನಸುನೇರಳೆಯ ಹೂವು ನೆಲದ ಮೇಲೇ ಬಂದು ಕೂತಿರುತ್ತದೆ. ಘಮ ಬೇರೆ. ಗಿಡಕ್ಕೆ ಒಗ್ಗಿದ್ದು ಮನುಷ್ಯನಿಗೂ ಒಗ್ಗೀತು ಬಿಡಿ ತಾಯಿ ಎಂದು ಅಣ್ಣಯ್ಯಪ್ಪ ಡಾಕ್ಟರಮ್ಮನಿಗೆ ಧೈರ್ಯ ಹೇಳಿದ್ದ.

ಉಳುಕಿಗೆ, ಊತಕ್ಕೆ, ಮಾಯದ ಗಾಯಕ್ಕೆ ಆ ಗಡ್ಡೆಯನ್ನು ತೇಯ್ದು ಹಚ್ಚುವುದು ಅವನ ಅಜ್ಜಿಯ ಕಾಲದಿಂದ ಇದ್ದದ್ದೇ. ತಬಸ್ಸುಮ್ ಕಂಡುಹಿಡಿದದ್ದು ಬೇರೆ. ಮಲಗಿದ ಗಡ್ಡೆಯ ರಸದಲ್ಲಿ ನಿದ್ದೆ ಬರಿಸುವ ಅಂಶವೊಂದಿತ್ತು. ಅದನ್ನು ದಿನಾ ಬೆಳಿಗ್ಗೆ ನಾಲ್ಕು ಹನಿಯಂತೆ ರಕ್ತಕ್ಕೆ ಸೇರಿಸಿದರೆ ಮೈ ತಣ್ಣಗಾಗಿ, ಎದೆಬಡಿತ ನಿಮಿಷಕ್ಕೆ ಒಂಬತ್ತಕ್ಕೆ ಇಳಿದು, ಹಸಿವು ಬಾಯಾರಿಕೆಗಳು ನಿಂತು, ದಣಿದ ಮೂತ್ರಪಿಂಡ ತನ್ನ ಪಾಡಿಗೆ ತಾನು ದುರಸ್ತಿಯಾಗುತ್ತಿತ್ತು. ಬಿಸಿಲು ಬಲಿತು ಗಿಡ ಏಳುವ ಹೊತ್ತಿಗೆ ಅದೇ ರಸದಲ್ಲಿ ಎಚ್ಚರದ ಅಂಶ ಹುಟ್ಟುತ್ತಿತ್ತು. ಗಿಡ ಹೂ ಬಿಟ್ಟರೆ ಮನುಷ್ಯ ಕಣ್ಣು ಬಿಡುತ್ತಿದ್ದ.

ತೊಡಕೆಂದರೆ, ಆ ರಸ ಗಡ್ಡೆಯಿಂದ ಹೊರಬಂದ ಮುಕ್ಕಾಲು ಗಂಟೆಯಲ್ಲಿ ಕೆಟ್ಟುಹೋಗುತ್ತಿತ್ತು. ಸೀಸೆಯಲ್ಲಿ ತುಂಬಿಡಲು ಬಾರದು, ಯಂತ್ರದಲ್ಲಿ ಮಾಡಲು ಬಾರದು. ಒಂದು ಗಡ್ಡೆಯ ರಸಕ್ಕೆ ಒಗ್ಗಿದ ಮೈ ಇನ್ನೊಂದರದ್ದನ್ನು ಮುಟ್ಟಿದರೆ ಜ್ವರ ಏರುತ್ತಿತ್ತು. ಹಾಗಾಗಿ ಒಬ್ಬ ರೋಗಿಗೆ ಒಂದೇ ಕುಂಡ, ಮಲಗಿದಾಗಿನಿಂದ ಏಳುವತನಕ. ಆನೇಕಲ್ ದಾರಿಯ ಹಳೆಯ ಮಾವಿನ ತೋಪಿನೊಳಗೆ ಕಟ್ಟಿದ ಆ ಆಸ್ಪತ್ರೆಗೆ ಕಾಗದಪತ್ರದಲ್ಲಿ ಏನೋ ಉದ್ದನೆಯ ಹೆಸರಿತ್ತು. ಸುತ್ತಿನ ಊರವರು ನಿದ್ದೆ ಆಸ್ಪತ್ರೆ ಎನ್ನುತ್ತಿದ್ದರು. ಆ ವರ್ಷ ಅಲ್ಲಿ ಮಲಗುವವರು ಹದಿನಾಲ್ಕು ಜನ, ಕುಂಡವೂ ಹದಿನಾಲ್ಕು.

ಅಣ್ಣಯ್ಯಪ್ಪ ತಿಗಳರ ಮನೆಯವನು. ತಾತ ಮುತ್ತಾತಂದಿರು ಬೆಂಗಳೂರಿನ ಕೆರೆಯಂಚಿನಲ್ಲಿ ಸೊಪ್ಪು, ಹೂವು ಬೆಳೆದವರು. ಅವನ ಕೈಗುಣದ ಬಗ್ಗೆ ಎರಡು ಮಾತಿರಲಿಲ್ಲ. ಬಾಯಿಗುಣಕ್ಕೆ ಮಾತ್ರ ಎಲ್ಲರೂ ಹೆದರುತ್ತಿದ್ದರು. ಮಲಗಿದ ಗಡ್ಡೆಗೆ ಯಾರಾದರೂ ನೀರು ಚಿಮುಕಿಸಿದರೆ ಅವನು ವಯಸ್ಸು ನೋಡುತ್ತಿರಲಿಲ್ಲ, ಹುದ್ದೆಯನ್ನೂ ನೋಡುತ್ತಿರಲಿಲ್ಲ. ಆಸ್ಪತ್ರೆ ನೋಡಲು ಬಂದ ಮಂತ್ರಿಯೊಬ್ಬರು ಫೋಟೋಕ್ಕೆಂದು ಒಣಗಿದ ಕುಂಡಕ್ಕೆ ನೀರಿನ ಡಬ್ಬ ಬಗ್ಗಿಸಿದಾಗ, ಮಲಗಿರೋರ ಮುಖಕ್ಕೆ ನೀರು ಎರಚ್ತಾರಾ ಸ್ವಾಮಿ ಎಂದು ಕೇಳಿ ಡಬ್ಬವನ್ನು ಕಿತ್ತುಕೊಂಡಿದ್ದ. ಅವನು ಹೇಳುತ್ತಿದ್ದದ್ದು ಸರಿಯೇ. ಮಲಗಿದ ಗಡ್ಡೆ ನಿಜವಾಗಿ ಒಣಗಬೇಕು, ಮಣ್ಣು ಕಾಯಬೇಕು. ಆಗಲೇ ಅದರೊಳಗೆ ಎಚ್ಚರ ಹುಟ್ಟುವುದು. ನಡುವೆ ನೀರು ಬಿದ್ದರೆ ಅತ್ತ ನಿದ್ದೆಯೂ ಅಲ್ಲ, ಇತ್ತ ಎಚ್ಚರವೂ ಅಲ್ಲ; ಬೆರಳು ಬೆರಳಾಗಿರುವ ಗಡ್ಡೆ ಒಳಗೊಳಗೇ ಕೊಳೆಯುತ್ತದೆ.

ಹದಿನಾಲ್ಕು ಜನರಲ್ಲಿ ಒಂಬತ್ತನೆಯವಳು ಅವನ ಹೆಂಡತಿ ಪಿಳ್ಳಮ್ಮ.

ಪಿಳ್ಳಮ್ಮನ ಮೂತ್ರಪಿಂಡ ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಸೂಜಿಯ ನೋವನ್ನು ಅವಳು ನುಂಗಿಕೊಂಡಳು, ಉಪ್ಪಿಲ್ಲದ ಸಾರನ್ನೂ ನುಂಗಿಕೊಂಡಳು. ನುಂಗಲಾಗದೆ ಹೋದದ್ದು ನೀರಿನ ಕಟ್ಟುಪಾಡು. ದಿನಕ್ಕೆ ಅರ್ಧ ಲೀಟರು, ಅದರಲ್ಲೇ ಕಾಫಿ, ಅದರಲ್ಲೇ ಮಾತ್ರೆ. ಬೆಳಿಗ್ಗೆ ಎದ್ದು ಆ ಅರ್ಧ ಲೀಟರನ್ನು ಚೊಂಬಿಗೆ ಅಳೆದು, ತಟ್ಟೆ ಮುಚ್ಚಿ, ಅವಳ ಕೈಗೆಟುಕದ ಗೂಡಿನಲ್ಲಿಡುವ ಕೆಲಸ ಅಣ್ಣಯ್ಯಪ್ಪನದು. ಕೇಳಿದಾಗಲೆಲ್ಲ ಎರಡು ಗುಟುಕು ಕೊಡುತ್ತಿದ್ದ. ಮಧ್ಯಾಹ್ನಕ್ಕೇ ಚೊಂಬು ಖಾಲಿಯಾದರೆ ಸಂಜೆತನಕ ಅವಳು ಕೇಳಬೇಕು, ಇವನು ಇಲ್ಲವೆನ್ನಬೇಕು. ಜೀವಮಾನವೆಲ್ಲ ನೀರು ಹಾಯಿಸಿದ ಕೈ ಅದು. ಕಟ್ಟಿಕೊಂಡವಳಿಗೆ ಒಂದು ಲೋಟ ನೀರಿಲ್ಲವೆನ್ನುವ ಗತಿ ಬಂತಲ್ಲ ಎಂದು ಅವನು ಒಬ್ಬನೇ ಇದ್ದಾಗ ಅತ್ತದ್ದೂ ಉಂಟು.

ಪಿಳ್ಳಮ್ಮನೂ ಕಡಿಮೆಯವಳಲ್ಲ. ಬಾಯಿ ಮುಕ್ಕಳಿಸುತ್ತೇನೆಂದು ಹೋಗಿ ನುಂಗುತ್ತಿದ್ದಳು. ಮುಖ ತೊಳೆಯುವ ನೆಪದಲ್ಲಿ ಬೊಗಸೆ ಕುಡಿಯುತ್ತಿದ್ದಳು. ಕಾಲು ಊದಿಕೊಂಡು ಗುಟ್ಟು ಬಯಲಾಗುತ್ತಿತ್ತು. ಒಮ್ಮೆ ಬಚ್ಚಲಲ್ಲಿ ತುಂಬಿದ ಮಗ್ಗು ಹಿಡಿದು ನಿಂತವಳನ್ನು ಅಣ್ಣಯ್ಯಪ್ಪ ಕಂಡ. ಮಗ್ಗನ್ನು ಅವಳ ಕೈಯಿಂದ ತೆಗೆದುಕೊಂಡ. ಅವಳು ಜಗಳವಾಡಲಿಲ್ಲ, ಗೋಡೆಗೆ ಒರಗಿದಳು.

"ನಿನ್ ಗಿಡಗಳಿಗೆ ಹೊಟ್ಟೆ ತುಂಬಾ ನೀರ್ ಕೊಡ್ತೀಯ," ಎಂದಳು. "ನಾನೂ ಒಂದು ಗಿಡ ಆಗಿದ್ರೆ ಚೆನ್ನಾಗಿತ್ತು."

ಆ ಮಾತು ಅವನ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿಯಿತು.

ನಿದ್ದೆ ಆಸ್ಪತ್ರೆಗೆ ಸೇರಲು ಅವಳನ್ನು ಒಪ್ಪಿಸಬೇಕಾಗಲೇ ಇಲ್ಲ. ಮಲಗಿದವರಿಗೆ ಬಾಯಾರಿಕೆ ಇರುವುದಿಲ್ಲ ಎಂದು ಡಾಕ್ಟರಮ್ಮ ಅಂದದ್ದೇ ತಡ, ಯಾವತ್ತಿನಿಂದ ಎಂದು ಕೇಳಿದ್ದಳು. ಮಗಳು ವನಜಾಕ್ಷಿಗೇ ಅಂಜಿಕೆ. ವನಜಾಕ್ಷಿ ನಗರದಲ್ಲಿ ಮೆಟ್ರೋ ರೈಲು ಓಡಿಸುವವಳು. ಸಾವಿರಾರು ಜನರನ್ನು ನೆಲದಡಿಯ ಕತ್ತಲಲ್ಲಿ ಹೊತ್ತುಕೊಂಡು ಹೋಗುವ ಗಟ್ಟಿಗಿತ್ತಿ. ತಾಯಿಯನ್ನು ಒಂದು ಗಡ್ಡೆಯ ಭರವಸೆಯ ಮೇಲೆ ಮಲಗಿಸುವುದೆಂದರೆ ಅವಳೂ ಹಿಂದೆಗೆದಳು. ಗಡ್ಡೆ ನೋಡಿಕೊಳ್ಳುವವನು ನಿಮ್ಮಪ್ಪನೇ ಅಲ್ಲವಾ, ಇನ್ನೇನು ಭಯ ಎಂದು ಪಿಳ್ಳಮ್ಮನೇ ಮಗಳಿಗೆ ಸಮಾಧಾನ ಹೇಳಿದಳು. ಕರಗದ ಹಬ್ಬದ ಹೊತ್ತಿಗೆ ಎದ್ದಿರುತ್ತೇನೆ, ಮಲ್ಲಿಗೆ ಕಟ್ಟುವುದಕ್ಕೆ ನನ್ನ ಬಿಟ್ಟು ಕೂತುಕೊಳ್ಳಬೇಡಿ ಎಂದೂ ಹೇಳಿ, ದೀಪಾವಳಿ ಮುಗಿದ ಮೂರನೇ ದಿನ ಮಲಗಿದಳು.

ಅಲ್ಲಿಂದ ಮುಂದೆ ಅಣ್ಣಯ್ಯಪ್ಪನ ದಿನಚರಿಯಲ್ಲಿ ಮೂರು ನಿಲ್ದಾಣ. ಬೆಳಿಗ್ಗೆ ಕುಂಡದ ಮನೆ. ಹಸಿರು ಬಲೆಯ ನೆರಳಿನ ಆ ಕೊಟ್ಟಿಗೆಯಲ್ಲಿ ಕೂದಲೆಳೆಯಂಥ ಸೂಜಿಯಿಂದ ಒಂದೊಂದು ಗಡ್ಡೆಯಿಂದಲೂ ನಾಲ್ಕು ಹನಿ ರಸ ತೆಗೆದು ನರ್ಸುಗಳ ಕೈಗೆ ಕೊಡುವುದು. ಆಮೇಲೆ ನಿಗಾ ಕೋಣೆ. ಅಲ್ಲಿನ ದೊಡ್ಡ ಪರದೆಯ ಮೇಲೆ ಹದಿನಾಲ್ಕು ಗೆರೆಗಳು ಒಂದರ ಕೆಳಗೊಂದು ತೆವಳುತ್ತಿರುತ್ತಿದ್ದವು. ಒಂಬತ್ತನೆಯದು ಪಿಳ್ಳಮ್ಮನ ಎದೆಬಡಿತ. ಒಂದು ಬಡಿತ ಆಗಿ ಇನ್ನೊಂದು ಬರುವ ಮೊದಲು ಅವನು ಎರಡು ಸಲ ಉಸಿರಾಡುತ್ತಿದ್ದ. ಕೊನೆಗೆ ಗಾಜಿನಾಚೆಯಿಂದ ಅವಳ ಮುಖ ನೋಡಿ ಮನೆಗೆ ಬಂದರೆ, ಮನೆ ಬಿಕೋ ಎನ್ನುತ್ತಿತ್ತು. ಸಾರು ಮಾಡಲು ಬರುತ್ತಿರಲಿಲ್ಲವೆಂದಲ್ಲ. ಒಬ್ಬನಿಗೆ ಎಷ್ಟು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಮೂರು ದಿನ ಅದೇ ಸಾರನ್ನು ಕಾಯಿಸಿ ಕಾಯಿಸಿ ಉಣ್ಣುತ್ತಿದ್ದ.

ಧನುರ್ಮಾಸದ ಚಳಿಗಾಳಿ ಶುರುವಾದಾಗ ಪಿಳ್ಳಮ್ಮನ ತುಟಿ ಒಡೆಯಿತು. ನರ್ಸು ವ್ಯಾಸಲಿನ್ ಹಚ್ಚುತ್ತಲೇ ಇದ್ದಳು. ಅದು ಗಾಳಿಗೆ ಆದದ್ದು, ಅವಳಿಗೇನೂ ಗೊತ್ತಾಗುವುದಿಲ್ಲವೆಂದಳು. ಅಣ್ಣಯ್ಯಪ್ಪ ತಲೆಯಾಡಿಸಿದ. ಮಾರನೇ ಬೆಳಿಗ್ಗೆ ಕುಂಡದ ಮನೆಗೆ ಹೋದರೆ ಒಂಬತ್ತನೇ ಕುಂಡದ ಮಣ್ಣೂ ಬಿರುಕು ಬಿಟ್ಟಿತ್ತು. ಹದಿನಾಲ್ಕು ಕುಂಡವೂ ಬಿರುಕು ಬಿಟ್ಟಿದ್ದವು, ಬಿಡಬೇಕಾದದ್ದೇ. ಆದರೆ ಅವನ ಕಣ್ಣಿಗೆ ಬಿದ್ದದ್ದು ಅದೊಂದೇ. ಬಚ್ಚಲ ಗೋಡೆಗೆ ಒರಗಿ ನಿಂತವಳು ಕಣ್ಣ ಮುಂದೆ ಬಂದಳು. ಬಕೇಟಿನಿಂದ ಒಂದು ಬೊಗಸೆ ನೀರು ತೆಗೆದು ಮೆಲ್ಲಗೆ ಸುರಿದ. ಮಣ್ಣು ಸೊರ್ರನೆ ಕುಡಿಯಿತು. ಆ ಸದ್ದು ಕೇಳಿ ಅವನಿಗೆ ಎರಡು ವರ್ಷದಲ್ಲಿ ಮೊದಲ ಸಲ ನೆಮ್ಮದಿಯಾಯಿತು.

ಅವನಿಗೆ ಗೊತ್ತಿರಲಿಲ್ಲವೆ ಎಂದರೆ, ಗೊತ್ತಿತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಒಂದು ಬೊಗಸೆ ಎಂದರೆ ಎಷ್ಟು ಮಹಾ, ಮೇಲುಮಣ್ಣಷ್ಟೇ ನೆನೆಯುವುದು ಎಂದು ತನಗೆ ತಾನೇ ಹೇಳಿಕೊಂಡ. ಮಾರನೇ ದಿನ ಇನ್ನೊಂದು ಬೊಗಸೆ. ಅದರ ಮಾರನೇ ದಿನ ಮತ್ತೊಂದು. ಬೇರೆ ಹದಿಮೂರು ಕುಂಡದ ಹತ್ತಿರ ಅವನು ಹಳೇ ಅಣ್ಣಯ್ಯಪ್ಪನೇ. ಶಿವರಾತ್ರಿ ಕಳೆದ ಮೇಲೆ ಅವನ್ನೆಲ್ಲ ಕುಂಡದ ಮನೆಯದೇ ತಗಡಿನ ಚಾವಣಿಯ ಮೂಲೆಯ ಸೆಕೆಗೆ ಸಾಗಿಸಿದ. ಒಂಬತ್ತನೆಯದನ್ನೂ ಸಾಗಿಸಿದ, ಆದರೆ ಮಧ್ಯಾಹ್ನ ಅದರ ಮೇಲೊಂದು ಒದ್ದೆ ಗೋಣಿತಾಟು ಹೊದಿಸುತ್ತಿದ್ದ. ಅವಳಿಗೆ ಕೊಡಲಾಗದ ನೀರನ್ನೆಲ್ಲ ಗಿಡಕ್ಕೆ ಕೊಡುತ್ತಿದ್ದೇನೆಂದು ಅವನಿಗೆ ಅನಿಸಿತ್ತೇ ಹೊರತು, ಆ ನೀರಿನ ಪೆಟ್ಟು ಬೀಳುವುದು ಅವಳ ಮೇಲೇ ಎಂಬುದು ಹೊಳೆದಿರಲಿಲ್ಲ.

ಯುಗಾದಿ ಬಂತು. ಹಬ್ಬದ ನಾಲ್ಕನೇ ದಿನ ಮೂರನೇ ಕುಂಡದಲ್ಲಿ ಮಣ್ಣು ಸೀಳಿ ಹೂ ಕಾಣಿಸಿತು. ಅಂದು ಸಂಜೆಯೊಳಗೆ ಕೋಲಾರದ ಮೇಷ್ಟ್ರೊಬ್ಬರು ಕಣ್ಣು ಬಿಟ್ಟವರೇ ಮ್ಯಾಚು ಏನಾಯಿತೆಂದು ಕೇಳಿದರು. ಮಾರನೇ ದಿನ ಎರಡು ಕುಂಡದಲ್ಲಿ ಹೂ, ಅದರ ಮಾರನೇ ದಿನ ನಾಲ್ಕರಲ್ಲಿ. ಪರದೆಯ ಗೆರೆಗಳು ಒಂದೊಂದಾಗಿ ಎದ್ದು ಕುಣಿಯತೊಡಗಿದವು. ಅಂಗಳದಲ್ಲಿ ಸಂಬಂಧಿಕರ ಸಡಗರ. ಯಾರೋ ಒಬ್ಬಟ್ಟು ತಂದು ಅಣ್ಣಯ್ಯಪ್ಪನ ಕೈಗಿಟ್ಟು ನಿಮ್ಮ ಕೈಗುಣ ಎಂದರು. ಹತ್ತು ದಿನದಲ್ಲಿ ಹದಿಮೂರು ಜನ ಎದ್ದು ಮನೆಗೆ ಹೋದರು. ಒಂಬತ್ತನೇ ಕುಂಡದಲ್ಲಿ ಮಣ್ಣು ಅಲುಗಲೂ ಇಲ್ಲ.

ತಬಸ್ಸುಮ್ ಅಪ್ಪ, ಮಗಳು ಇಬ್ಬರನ್ನೂ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಪಿಳ್ಳಮ್ಮನ ಮೂತ್ರಪಿಂಡ ಪೂರ್ತಿ ವಾಸಿಯಾಗಿದೆ. ಆದರೆ ರಸದಲ್ಲಿ ಎಚ್ಚರದ ಅಂಶ ಬರುತ್ತಿಲ್ಲ, ನಿದ್ದೆಯ ಅಂಶವೂ ತೆಳುವಾಗುತ್ತಿದೆ. ಬೇರೆ ಔಷಧಿಯಿಂದ ಎಬ್ಬಿಸಲು ಹೋಗಿ ಹಿಂದಿನ ವರ್ಷ ಒಬ್ಬರಿಗೆ ಮಾತೇ ಹೋಗಿತ್ತು. ಆ ತಪ್ಪನ್ನು ಇನ್ನೊಮ್ಮೆ ಮಾಡುವುದಿಲ್ಲ. ಕಾಯಬಹುದು. ಆದರೆ ಇನ್ನು ಹತ್ತು ದಿನ. ಅದರಾಚೆ ಎದೆ ತಾನಾಗಿಯೇ ನಿಧಾನವಾಗುತ್ತ ಹೋಗುತ್ತದೆ. ಯಾಕೆ ಹೀಗಾಯಿತೆಂದು ತಮಗೂ ತಿಳಿಯುತ್ತಿಲ್ಲ ಎಂದರು.

ಮಾರನೇ ಬೆಳಿಗ್ಗೆ ವನಜಾಕ್ಷಿ ಅಪ್ಪನಿಗೆ ಬಿಸಿ ಮುದ್ದೆ, ಸೊಪ್ಪಿನ ಸಾರು ಮಾಡಿ ಬಡಿಸಿದಳು. ಅವನು ಮುದ್ದೆ ಮುರಿದವನು ಸಾರಿಗೆ ಅದ್ದದೆ ಕೂತಿದ್ದ.

"ಅಪ್ಪಾ, ಎಲ್ಲಾರ್ ಗಿಡಾನೂ ಹೂ ಬಿಡ್ತು," ಎಂದಳು ಅವಳು. "ಅವ್ವಂದು ಒಂದೇ ಯಾಕ್ ಹಿಂಗೆ? ನೀನ್ ಸರಿಯಾಗ್ ನೋಡ್ದೇ ಇರೋ ಗಿಡ ಅಲ್ವಲ್ಲ ಅದು."

ಆ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ಅವಳು ನಿಜಕ್ಕೂ ಕೇಳಿದ್ದಳು. ಅಣ್ಣಯ್ಯಪ್ಪ ಅವಳ ಮುಖ ನೋಡಿದ. ಹಿಂದಿನ ಸಂಜೆ ಅವನು ಆ ಕುಂಡದಲ್ಲಿ ಬೆರಳಿಟ್ಟು ನೋಡಿದ್ದ. ಮೇಲುಮಣ್ಣು ಒಣಗಿತ್ತು, ಎರಡು ಗೆಣ್ಣು ಕೆಳಗೆ ತಣ್ಣಗಿತ್ತು, ಬೆರಳು ಹೊರತೆಗೆದರೆ ಕೊಳೆತ ವಾಸನೆ. ನಲವತ್ತು ವರ್ಷ ಮಣ್ಣಿನ ಜೊತೆ ಬಾಳಿದವನಿಗೆ ಆ ವಾಸನೆ ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

"ನಾನು ನೀರ್ ಹಾಕ್ದೆ ಕಣವ್ವಾ," ಎಂದ. "ದಿನಾ ಹಾಕ್ದೆ. ಅವಳ ತುಟಿ ಒಣಗಿತ್ತು."

ವನಜಾಕ್ಷಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಎದ್ದು ನಿಂತಳು. ಊರಿಗೆಲ್ಲ ಬೈದವನು ನೀನು, ಎಂದು ಶುರು ಮಾಡಿದಳು. ಅಪ್ಪನ ಹೆಗಲು ಕುಸಿದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದುಬಿಟ್ಟಿತು ಎಂದು ಅವನು ತಟ್ಟೆ ನೋಡುತ್ತ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಅವಳು ಅವನ ಕೈ ತೊಳೆಸಿದಳು, ಚಪ್ಪಲಿ ಮೆಟ್ಟಿಸಿದಳು, ರಟ್ಟೆ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೊರಟಳು.

ನಿಗಾ ಕೋಣೆಯಲ್ಲಿ ಪರದೆಯ ಮೇಲೆ ಉಳಿದದ್ದು ಒಂದೇ ಗೆರೆ. ಅದರ ಮುಂದೆ ನಿಂತು ಅಣ್ಣಯ್ಯಪ್ಪ ಎಲ್ಲವನ್ನೂ ಹೇಳಿದ, ಬೊಗಸೆಯ ಲೆಕ್ಕ, ಗೋಣಿತಾಟು, ಯಾವುದನ್ನೂ ಮುಚ್ಚಿಡಲಿಲ್ಲ. ಕೆಲಸದಿಂದ ತೆಗೆಯಿರಿ, ಪೊಲೀಸರಿಗೆ ಕೊಡಿ, ಅವಳನ್ನು ಮಾತ್ರ ಉಳಿಸಿ ಎಂದ. ತಬಸ್ಸುಮ್ ಯಂತ್ರದಲ್ಲಿ ಏನನ್ನೋ ಒತ್ತಿ ಇನ್ನೊಂದು ಚಿತ್ರ ತೆಗೆದರು. ಪ್ರತಿ ಕುಂಡದ ಮಣ್ಣಿನಲ್ಲೂ ತೇವ ಅಳೆಯುವ ಕಡ್ಡಿಯೊಂದು ನೆಟ್ಟಿರುತ್ತಿತ್ತು. ಒಂಬತ್ತನೇ ಕುಂಡದ ತೇವ ಪುಷ್ಯಮಾಸದಿಂದಲೂ ಏರುತ್ತಲೇ ಇತ್ತು.

"ಇದನ್ನ ನಾನು ಮೂರು ತಿಂಗಳಿಂದ ನೋಡ್ತಾ ಇದೀನಿ ಅಣ್ಣಯ್ಯಪ್ಪನೋರೆ," ಎಂದರು. "ನಿಮ್ಮ ಕೈಯಲ್ಲಿರೋ ಕುಂಡ ಒದ್ದೆ ಇರೋಕೆ ಸಾಧ್ಯಾನೇ ಇಲ್ಲ ಅಂದ್ಕೊಂಡೆ. ಕಡ್ಡಿ ಕೆಟ್ಟಿದೆ ಅಂತ ಬರೆದಿಟ್ಟೆ. ನನ್ನದೂ ಅಷ್ಟೇ ತಪ್ಪಿದೆ."

ಯಂತ್ರ ನಿಜ ಹೇಳಿತ್ತು. ಅದನ್ನು ನಂಬದಷ್ಟು ಮನುಷ್ಯನನ್ನು ನಂಬಿದ್ದರು. ಬೇರೆ ಯಾರಾದರೂ ಆಗಿದ್ದರೆ ಅಣ್ಣಯ್ಯಪ್ಪನಿಗೆ ಅಂದು ನಾಲ್ಕು ಮಾತು ಬೈದು ಹಗುರಾಗುತ್ತಿದ್ದರು. ಅವರು ಬೈಯದೆ ಇದ್ದದ್ದೇ ಅವನಿಗೆ ಕಷ್ಟವಾಯಿತು.

ದಾರಿ ಒಂದೇ ಇತ್ತು. ಗಡ್ಡೆಯನ್ನು ಕಿತ್ತು, ಕೊಳೆತದ್ದನ್ನು ಕೊಯ್ದು, ಉಳಿದದ್ದನ್ನು ಕಾದ ಒಣಮಣ್ಣಿನಲ್ಲಿಟ್ಟು ಬಿಡುವುದು. ಹೂ ಬರುವತನಕ ರಸ ತೆಗೆಯುವಂತಿಲ್ಲ. ಕೊನೆಯ ನಾಲ್ಕು ಹನಿಯ ಬಲದ ಮೇಲೆ ಪಿಳ್ಳಮ್ಮನ ಮೈ ಆರು ದಿನ ತಡೆದೀತು ಎಂದು ಡಾಕ್ಟರು ಲೆಕ್ಕ ಹಾಕಿದರು. ಏಳನೇ ದಿನಕ್ಕೆ ಹೂ ಬಾರದಿದ್ದರೆ ಅವಳನ್ನು ನಡುನೀರಿನಲ್ಲಿ ಕೈಬಿಟ್ಟ ಹಾಗೆ. ಮಾಡೋಣವೋ ಬೇಡವೋ ನೀವೇ ಹೇಳಬೇಕು ಎಂದರು. ಅಣ್ಣಯ್ಯಪ್ಪ ಮಗಳ ಕಡೆ ನೋಡಿದ. ಮಾಡೋಣ, ಆದರೆ ಕೊಯ್ಯುವುದು ಅಪ್ಪನೇ, ಇನ್ನೊಬ್ಬರ ಕೈ ಬೇಡ ಎಂದಳು ವನಜಾಕ್ಷಿ. ಅಷ್ಟು ಸಿಟ್ಟಿನಲ್ಲೂ ಹಾಗೆ ಹೇಳಿದ ಮಗಳ ಮುಂದೆ ಅವನಿಗೆ ಕಣ್ಣು ಮೇಲೆತ್ತಲಾಗಲಿಲ್ಲ.

ಗೋಣಿಯ ಮೇಲೆ ಕುಂಡವನ್ನು ಬೋರಲು ಹಾಕಿ ಮಣ್ಣು ಬಿಡಿಸಿದ. ನಡುಗಡ್ಡೆಯ ಸುತ್ತ ಹನ್ನೊಂದು ಬೆರಳು. ಒಂದೊಂದನ್ನೂ ಹಿಚುಕಿ ನೋಡುತ್ತ ಬಂದ. ಮೆತ್ತಗಾದದ್ದು, ಮೆತ್ತಗಾದದ್ದು, ಗಟ್ಟಿ, ಮತ್ತೆ ಮೆತ್ತಗಾದದ್ದು. ಬ್ಲೇಡನ್ನು ಬೆಂಕಿಗೆ ಹಿಡಿದು ಏಳು ಬೆರಳು ಕೊಯ್ದ. ಕೊಯ್ದಲ್ಲೆಲ್ಲ ಸೌದೆಯ ಬೂದಿ ಒತ್ತಿದ. ಉಳಿದದ್ದು ನಾಲ್ಕು ಬೆರಳು, ಒಂದು ಮೊಳಕೆಯ ಕಣ್ಣು. ಬಾಣಲೆಯಲ್ಲಿ ಹುರಿದು ಒಣಗಿಸಿದ ಕೆಮ್ಮಣ್ಣನ್ನು ಹೊಸ ಕುಂಡಕ್ಕೆ ತುಂಬಿ, ಬೆಚ್ಚಗಾಗುವತನಕ ಆರಲು ಬಿಟ್ಟು, ಗಡ್ಡೆಯನ್ನು ಅದರೊಳಗಿಟ್ಟು ತಗಡಿನ ಕೆಳಗೆ ಸಾಗಿಸಿದ. ಕೆಲಸ ಮುಗಿದ ಮೇಲೆ ಕುಂಡದ ಮನೆಗೆ ಬೀಗ ಹಾಕಿ ಬೀಗದಕೈಯನ್ನು ವನಜಾಕ್ಷಿಯ ಕೈಗೆ ಕೊಟ್ಟ.

"ಇದು ನಿನ್ ಹತ್ರಾನೇ ಇರ್ಲಿ," ಎಂದ. "ನಾನ್ ಕೇಳಿದ್ರೂ ಕೊಡ್ಬೇಡ."

ಆ ದಿನಗಳಲ್ಲಿ ಅವನು ಮಾಡಲು ಏನೂ ಇಲ್ಲದವನಂತೆ ಪಿಳ್ಳಮ್ಮನ ಮಂಚದ ಪಕ್ಕ ಕೂತ. ಗಾಜಿನಾಚೆ ನಿಲ್ಲುವುದು ಬೇಡವೆಂದು ತಬಸ್ಸುಮ್ ಒಳಗೇ ಸ್ಟೂಲು ಹಾಕಿಸಿದ್ದರು. ಎದೆಬಡಿತ ಒಂಬತ್ತಿದ್ದದ್ದು ಏಳಾಯಿತು. ಮೂರನೇ ದಿನ ಆರು. ಒಮ್ಮೆ ಅವನ ಕಾಲು ತಾನಾಗಿಯೇ ಕುಂಡದ ಮನೆಯ ಕಡೆ ಹೊರಟಿತು, ಕಿಟಕಿಯಿಂದ ನೋಡಿದರೆ ಸಾಕು ಎಂದುಕೊಂಡ. ಬಾಗಿಲಲ್ಲಿ ವನಜಾಕ್ಷಿ ಕೂತಿದ್ದಳು, ರಜೆ ಹಾಕಿ, ಬುತ್ತಿಯ ಡಬ್ಬ ಪಕ್ಕದಲ್ಲಿಟ್ಟುಕೊಂಡು. ಅಪ್ಪನನ್ನು ನೋಡಿ ತಲೆ ಅಲ್ಲಾಡಿಸಿದಳು. ಅವನು ಸುಮ್ಮನೆ ವಾಪಸು ಬಂದ. ಗಿಡಕ್ಕೆ ಏನಾದರೂ ಮಾಡುವುದು ಅವನಿಗೆ ಉಸಿರಾಡಿದಷ್ಟು ಸಲೀಸು. ಏನೂ ಮಾಡದೆ ಇರುವುದನ್ನು ಅರವತ್ತನೇ ವಯಸ್ಸಿನಲ್ಲಿ ಹೊಸದಾಗಿ ಕಲಿಯಬೇಕಾಗಿತ್ತು, ಅದೂ ಅವಳ ಉಸಿರು ಎಣಿಸುತ್ತ. ನಾಲ್ಕನೇ ದಿನ ಬಡಿತ ಐದಕ್ಕಿಳಿದಾಗ ಅವನು ಅವಳ ಕಿವಿಯ ಹತ್ತಿರ ಬಾಗಿ, ಏಳೇ ಪಿಳ್ಳಮ್ಮ, ನಾನು ಇನ್ನು ಏನೂ ಮಾಡುವುದಿಲ್ಲ ಎಂದು ಬೇಡಿಕೊಂಡ.

ಐದನೇ ದಿನ ಬೆಳಗಿನ ಹತ್ತು ಗಂಟೆಗೆ ವನಜಾಕ್ಷಿ ಬಂದಳು. ಓಡಿ ಬರಲಿಲ್ಲ, ಓಡಿದರೆ ಎಲ್ಲಿ ಸುಳ್ಳಾಗುತ್ತದೋ ಎನ್ನುವ ಹಾಗೆ ಮೆಲ್ಲಗೆ ನಡೆದು ಬಂದು ಅಪ್ಪನ ಹೆಗಲು ಮುಟ್ಟಿದಳು. ಅವಳ ಹಿಂದೆ ಹೋದ ಅಣ್ಣಯ್ಯಪ್ಪ ಕುಂಡದ ಮನೆಯ ಹೊಸ್ತಿಲಲ್ಲೇ ನಿಂತ, ಒಳಗೆ ಕಾಲಿಡಲಿಲ್ಲ. ಅಲ್ಲಿಗೇ ಘಮ ಬಂತು. ಬೇರೆ ಕುಂಡಗಳಲ್ಲಿ ಮೂರು ನಾಲ್ಕು ಹೂ ಒಟ್ಟಿಗೆ ಬಂದಿದ್ದವು. ಇದರಲ್ಲಿ ಒಂದೇ, ಚಿಕ್ಕದು, ಒಂದು ಎಸಳು ಸ್ವಲ್ಪ ಸೊಟ್ಟ. ಒಣ ಕೆಮ್ಮಣ್ಣಿನ ಮೇಲೆ ಅದು ಬಂದು ಕೂತಿತ್ತು. ತಬಸ್ಸುಮ್ ಮೊಣಕಾಲೂರಿ ಸೂಜಿ ಚುಚ್ಚಿದರು. ನಾಲ್ಕು ಹನಿಗೆ ಮೂರೇ ಬಂತು. ಸಾಕು ಎಂದು ಎದ್ದು ವಾರ್ಡಿನ ಕಡೆ ನಡೆದರು.

ಮಧ್ಯಾಹ್ನದ ಹೊತ್ತಿಗೆ ಒಂಟಿ ಗೆರೆ ಎಂಟಕ್ಕೆ ಬಂತು, ಸಂಜೆಗೆ ಇಪ್ಪತ್ತು. ಮಾರನೇ ದಿನ ಬೆಳಿಗ್ಗೆ ನರ್ಸು ಕಿಟಕಿಯ ಪರದೆ ಸರಿಸುತ್ತಿದ್ದಾಗ, ಬಿಸಿಲು ಕಣ್ಣಿಗೆ ಹೊಡೀತದೆ, ಮುಚ್ಚು ಎಂಬ ಸಣ್ಣ ದನಿ ಕೇಳಿತು.

ಪಿಳ್ಳಮ್ಮ ಮೊದಲು ಮಗಳನ್ನು ನೋಡಿದಳು, ಆಮೇಲೆ ಗಂಡನನ್ನು. ಇಬ್ಬರೂ ಅಳುತ್ತಿದ್ದದ್ದನ್ನು ಕಂಡು ಯಾರು ಹೋದರೆಂದು ಕೇಳಿದಳು. ಯಾರೂ ಹೋಗಿಲ್ಲ, ನೀನು ಬಂದೆ ಎಂದಳು ವನಜಾಕ್ಷಿ. ತಬಸ್ಸುಮ್ ನಾಡಿ ನೋಡಿ, ಇವರಿಗೆ ಇನ್ನು ನೀರಿಗೆ ಅಳತೆಯಿಲ್ಲ, ಕೇಳಿದಷ್ಟು ಕೊಡಿ ಎಂದು ಹೇಳಿ ಹೊರಗೆ ಹೋದರು. ವನಜಾಕ್ಷಿ ತುಂಬಿದ ಚೊಂಬು ತಂದು ತಾಯಿಯ ಕೈಗೆ ಕೊಟ್ಟು ಬೆನ್ನಿಗೆ ಆಸರೆಯಾಗಿ ಕೂತಳು. ಪಿಳ್ಳಮ್ಮ ಚೊಂಬನ್ನು ಬಾಯಿಗೆ ಎತ್ತುವ ಮೊದಲೇ ಅಣ್ಣಯ್ಯಪ್ಪನಿಗೆ ತಡೆಯಲಾಗಲಿಲ್ಲ. ನಿಂತಲ್ಲೇ ನಿಂತು ಎಲ್ಲವನ್ನೂ ಒಪ್ಪಿಸಿದ. ಅವಳ ಗಡ್ಡೆಗೆ ನೀರು ಹಾಕಿದ್ದು, ಕೊಳೆಸಿದ್ದು, ಐದು ದಿನ ಅವಳನ್ನು ಸಾವಿನ ಬಾಗಿಲಲ್ಲಿ ನಿಲ್ಲಿಸಿದ್ದು. ಪಿಳ್ಳಮ್ಮನೂ ತೋಟದವರ ಮಗಳೇ. ಚೊಂಬನ್ನು ತೊಡೆಯ ಮೇಲಿಟ್ಟುಕೊಂಡು ಕೊನೆತನಕ ಕೇಳಿದಳು.

"ಎಷ್ಟ್ ಬೆರಳು ಉಳೀತು?" ಎಂದಳು.

"ನಾಲ್ಕು."

"ನಾಲ್ಕಿದ್ರೆ ಸಾಕು ಬಿಡು. ಮೂರು ವರ್ಷಕ್ಕೆ ಒಂದು ಮಡಿ ತುಂಬ್ತದೆ."

ಆಮೇಲೆ ಚೊಂಬೆತ್ತಿ ಕುಡಿದಳು. ಗಟಗಟನೆ ಕುಡಿಯುತ್ತಾಳೆಂದು ಇಬ್ಬರೂ ಕಾದಿದ್ದರು. ಅವಳು ಆರಾಮಾಗಿ, ಗುಟುಕು ಗುಟುಕಾಗಿ, ನಡುನಡುವೆ ಉಸಿರು ತೆಗೆದುಕೊಂಡು ಕುಡಿದಳು. ಅರ್ಧ ಚೊಂಬು ಉಳಿದಿರುವಾಗ ನಿಲ್ಲಿಸಿ ಗಂಡನ ಮುಖ ನೋಡಿದಳು. ಕಾಯಿಲೆ ಶುರುವಾದ ಎರಡು ವರ್ಷವೂ ಅವನು ಅವಳ ಕಣ್ಣೆದುರು ಒಂದು ಗುಟುಕು ನೀರು ಕುಡಿದವನಲ್ಲ. ಬಾಯಾರಿದರೆ ಏನೋ ನೆಪ ಹೇಳಿ ಹಿತ್ತಿಲ ನಲ್ಲಿಗೆ ಹೋಗುತ್ತಿದ್ದ. ಅವಳಿಗೆ ಗೊತ್ತಿಲ್ಲವೆಂದುಕೊಂಡಿದ್ದ.

"ತಗೋ," ಎಂದು ಅವಳು ಚೊಂಬು ಚಾಚಿದಳು. "ಇಲ್ಲೇ ಕುಡಿ. ನಾನು ನೋಡ್ಬೇಕು."

ಅಣ್ಣಯ್ಯಪ್ಪ ಎರಡೂ ಕೈಯಲ್ಲಿ ಚೊಂಬು ತೆಗೆದುಕೊಂಡು, ಅವಳ ಮುಂದೆ ನಿಂತು ಕುಡಿದ.